ದಿನಕ್ಕೊಂದು ತಾಸಿನ ಆಟ



ರಾಯಚೂರು ತಾಲ್ಲೂಕಿನ ಚಂದ್ರಬಂಡದಂಥ ಊರುಗಳಲ್ಲಿ ಆಟಕ್ಕೆ ಬಯಲಿನ ಕೊರತೆಯಿಲ್ಲ. ಆದರೂ ಶಾಲೆ ಬಿಟ್ಟ ಮೇಲೆ ಮಕ್ಕಳ ಕೈಗೆ ಮೊದಲು ಸಿಗುವುದು ಮೊಬೈಲು. ಇದು ಹಳ್ಳಿ, ಪೇಟೆ ಎರಡರದೂ ಕಥೆ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚುರುಕಾಗಿ ಮೈ ದಣಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಎಲುಬು, ಸ್ನಾಯು ಗಟ್ಟಿಗೊಳಿಸುವ ಚಟುವಟಿಕೆ ವಾರದಲ್ಲಿ ಮೂರು ದಿನವಾದರೂ ಇರಬೇಕು.

ಇದಕ್ಕೆ ದುಡ್ಡು ಖರ್ಚು ಮಾಡಬೇಕಿಲ್ಲ. ಕುಂಟಾಬಿಲ್ಲೆ ಆಡುವ ಹುಡುಗಿಯನ್ನು ನೋಡಿ. ಒಂಟಿ ಕಾಲಲ್ಲಿ ಜಿಗಿಯುತ್ತಾಳೆ, ಗೆರೆ ತುಳಿಯದಂತೆ ಮೈ ಸಂಭಾಳಿಸುತ್ತಾಳೆ, ಬಗ್ಗಿ ಬಿಲ್ಲೆ ಎತ್ತುತ್ತಾಳೆ. ಎಲುಬಿಗೆ ಬಲ, ಮೈಗೆ ಹಿಡಿತ, ಮನಸ್ಸಿಗೆ ಏಕಾಗ್ರತೆ ಒಟ್ಟಿಗೇ ಒದಗುತ್ತವೆ. ಲಗೋರಿ, ಕಬಡ್ಡಿ, ಖೋಖೋಗಳಲ್ಲಿ ಇವುಗಳ ಜೊತೆಗೆ ಸೋಲನ್ನು ತಾಳಿಕೊಳ್ಳುವುದನ್ನೂ ಮಕ್ಕಳು ಕಲಿಯುತ್ತಾರೆ. ಚೆನ್ನಾಗಿ ಆಡಿದ ಮಗುವಿಗೆ ಹಸಿವೆ, ನಿದ್ದೆ ಎರಡೂ ಸಲೀಸು.

ನಮ್ಮದು ಬಿಸಿಲ ನಾಡು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಆದ್ದರಿಂದ ನಸುಕಿನಲ್ಲಿ, ಇಲ್ಲವೇ ಹೊತ್ತು ಇಳಿದ ಮೇಲೆ ಆಡಿಸಿ. ಕುಡಿಯಲು ನೀರು ಕೊಡಿ.

ಹೆಣ್ಣುಮಕ್ಕಳನ್ನು ಮನೆಗೆಲಸದ ನೆಪದಲ್ಲಿ ತಡೆಯಬೇಡಿ. ಆ ಒಂದು ತಾಸು ಅವರಿಗೂ ಸೇರಿದ್ದು. ಇವತ್ತು ಸಂಜೆಯೇ ಮಕ್ಕಳನ್ನು ಆಟಕ್ಕೆ ಕಳಿಸಿ. ಸಾಧ್ಯವಾದರೆ ನೀವೂ ಜೊತೆಗೂಡಿ.