ಕೇಳಿ ಬರೆದ ತಾರೀಖು



“ಕಟ್ಟಡದ ಕೆಲಸ ಅಂತೀಯ, ಕೈಗೆ ಸಿಮೆಂಟೇ ಅಂಟಿಲ್ವಲ್ಲೋ” ಎನ್ನುತ್ತಿದ್ದರು ಅಮ್ಮ. ನಾನು ಪ್ಲಾನಿಂಗ್ ಎಂಜಿನಿಯರ್. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವುದೊಂದು ನಿಂತರೆ ಎಲ್ಲವೂ ನಿಲ್ಲುತ್ತದೆ ಎಂದು ಲೆಕ್ಕ ಹಾಕುವವನು.

ನಮ್ಮೂರ ಮೆಟ್ರೋ ನೋಡಿ. ವೈಟ್‌ಫೀಲ್ಡ್–ಕೆ.ಆರ್.ಪುರ ಮಾರ್ಗ ಉದ್ಘಾಟನೆಯಾದದ್ದು 2023ರ ಮಾರ್ಚ್ 25ರಂದು. ಬೈಯಪ್ಪನಹಳ್ಳಿಯ ಕೊಂಡಿ ಕೂಡಿದ್ದು ಅಕ್ಟೋಬರ್ 9ಕ್ಕೆ. ಅಲ್ಲಿಯವರೆಗೆ ನಡುವೆ ಇಳಿದು ಬಸ್ ಹತ್ತಿದೆವು.

ನನ್ನ ಮೊದಲ ವೇಳಾಪಟ್ಟಿಯಲ್ಲಿ ಯುಗಾದಿ ವಾರಕ್ಕೇ ಸ್ಲ್ಯಾಬ್ ಕಾಂಕ್ರೀಟ್ ಇಟ್ಟಿದ್ದೆ. ಕಂಬಿ ಕಟ್ಟುವವರೆಲ್ಲ ಹಬ್ಬಕ್ಕೆ ಊರಿಗೆ ಹೋದರು, ಕೆಲಸ ನಿಂತಿತು. “ನಮ್ಮನ್ನೊಂದು ಮಾತು ಕೇಳಬಾರದಿತ್ತಾ ಸಾರ್?” ಎಂದರು ಮೇಸ್ತ್ರಿ. ಅಂದಿನಿಂದ ಕೇಳದೆ ತಾರೀಖು ಬರೆದಿಲ್ಲ.

ಮಕ್ಕಳೇ, ಸಿವಿಲ್ ಡಿಪ್ಲೊಮಾ ಓದಿಯೂ ಈ ದಾರಿಗೆ ಬರಬಹುದು. ಗಣಿತ ಬೇಕು, ಕೇಳುವ ಕಿವಿಯೂ ಬೇಕು.