ಎರಡು ಹಾಡು, ಒಂದೇ ಧಾಟಿ



ನಾನು ಪಿ.ಯು.ಸಿ. ಓದುತ್ತಿದ್ದಾಗ ಹಾಸ್ಟೆಲಿನ ವಾರ್ಷಿಕೋತ್ಸವಕ್ಕೆಂದು ಗೆಳೆಯನೊಬ್ಬನ ಪದ್ಯಕ್ಕೆ ಧಾಟಿ ಕೂಡಿಸಿದ್ದೆ. ಮೂರು ರಾತ್ರಿ ಹಾರ್ಮೋನಿಯಂ ಮುಂದೆ ಕುಳಿತು ಮಾಡಿದ ಕೆಲಸ. ನಾಲ್ಕನೆಯ ದಿನ ಅಡುಗೆಯವರು ಸೌಟು ಹಿಡಿದುಕೊಂಡೇ ಬಂದು, "ಇದು ನಮ್ಮೂರ ಕೋಲಾಟದ ಮಟ್ಟಲ್ಲವೇ?" ಎಂದರು. ಹಾಡಿಯೂ ತೋರಿಸಿದರು. ಹೌದು, ಅದೇ ಮಟ್ಟು. ಅವರು ರೊಟ್ಟಿ ತಟ್ಟುವಾಗ ಗುನುಗುತ್ತಿದ್ದುದನ್ನು ನಾನು ವರ್ಷವಿಡೀ ಕೇಳಿದ್ದೆ. ಕದ್ದೆನೆಂಬ ಅರಿವು ನನಗೆ ಇರಲಿಲ್ಲ. ಆದರೂ ಧಾಟಿ ನನ್ನದಾಗಿರಲಿಲ್ಲ.

ಅರಿವಿಲ್ಲದೆ ತೆಗೆದುಕೊಂಡದ್ದೂ ತಪ್ಪೇ? ನಗುವ ಸಂಗತಿಯಂತೆ ಕಾಣುವ ಈ ಪ್ರಶ್ನೆ ಜಗತ್ಪ್ರಸಿದ್ಧ ಗಾಯಕನೊಬ್ಬನನ್ನು ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ನಿಲ್ಲಿಸಿತು. ಆತ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್, ನಮ್ಮ ಪಂಡಿತ್ ರವಿಶಂಕರ್ ಅವರಲ್ಲಿ ಸಿತಾರ್ ಕಲಿತವನು. 1970ರಲ್ಲಿ ಅವನ 'ಮೈ ಸ್ವೀಟ್ ಲಾರ್ಡ್' ಹಾಡು ಹೊರಬಂತು. ಭಕ್ತಿಯ ಹಾಡು ಅದು. ಹಿಮ್ಮೇಳದಲ್ಲಿ ಹರೇಕೃಷ್ಣ ಮಂತ್ರವೂ ನಮಗೆ ಪರಿಚಿತವಾದ ಗುರುಸ್ತುತಿಯೂ ಕೇಳುತ್ತವೆ. ಅಮೆರಿಕ, ಇಂಗ್ಲೆಂಡ್ ಎರಡರಲ್ಲೂ ಅದು ಮೊದಲ ಸ್ಥಾನಕ್ಕೇರಿತು. 1971ರಲ್ಲಿ ಬ್ರೈಟ್ ಟ್ಯೂನ್ಸ್ ಎಂಬ ಸಂಗೀತ ಸಂಸ್ಥೆ ದಾವೆ ಹೂಡಿತು. 'ಶಿಫಾನ್ಸ್' ಎಂಬ ಹುಡುಗಿಯರ ತಂಡ 1963ರಲ್ಲಿ ಹಾಡಿದ 'ಹೀ ಈಸ್ ಸೋ ಫೈನ್' ಎಂಬ ಪ್ರೇಮಗೀತೆಯ ಧಾಟಿಯೇ ಇದು ಎಂಬುದು ಅವರ ದೂರು.

ನಿಮ್ಮಲ್ಲಿ ಸಂಗೀತ ಕಲಿಯುವವರು ಒಂದು ಕ್ಷಣ ಕಿವಿಗೊಡಿ. ನ್ಯಾಯಾಧೀಶರು ಗುರುತಿಸಿದ್ದು ಎರಡು ಚಿಕ್ಕ ಸ್ವರಗುಚ್ಛಗಳನ್ನು. ನಮ್ಮ ಲೆಕ್ಕದಲ್ಲಿ ಮೊದಲನೆಯದು ಪ-ಗ-ರಿ, ಎರಡನೆಯದು ಪ-ದ-ಸ-ದ-ಸ. ಎಲ್ಲವೂ ನಮ್ಮ ಮೋಹನ ರಾಗದ ಸ್ವರಗಳೇ! ಪ-ಗ-ರಿ ಎಂಬುದನ್ನು ಯಾರಾದರೂ ತಮ್ಮ ಸ್ವತ್ತು ಎನ್ನಲಾದೀತೇ? ಆಗದು. ಆದರೆ ಹಳೆಯ ಹಾಡಿನಲ್ಲಿ ಮೊದಲ ಗುಚ್ಛ ನಾಲ್ಕು ಬಾರಿ, ಎರಡನೆಯದೂ ನಾಲ್ಕು ಬಾರಿ ಬರುತ್ತದೆ. ಹೊಸದರಲ್ಲಿ ಮೊದಲನೆಯದು ನಾಲ್ಕು ಬಾರಿ, ಎರಡನೆಯದು ಮೂರು ಬಾರಿ ಬಂದು ಬೇರೆಡೆಗೆ ಹೊರಳುತ್ತದೆ. ಅಷ್ಟೇ ಆಗಿದ್ದರೆ ವಾದ ಮಾಡಬಹುದಿತ್ತೇನೋ. ಎರಡನೆಯ ಗುಚ್ಛ ಎರಡನೆಯ ಸಲ ಬರುವಾಗ ಒಂದು ಪುಟ್ಟ ರಿಷಭ ನುಸುಳಿ ಪ-ದ-ಸ-ದ-ರಿ-ಸ ಆಗುತ್ತದೆ. ಆ ರಿಷಭ ಎರಡೂ ಹಾಡುಗಳಲ್ಲಿ ಅದೇ ಜಾಗದಲ್ಲಿದೆ. ಬಿಡಿ ಸ್ವರಗಳು ಎಲ್ಲರವು. ಅವನ್ನು ಪೋಣಿಸಿದ ಕ್ರಮ ಒಬ್ಬನದು.

ತೀರ್ಪು ನೀಡಿದ ರಿಚರ್ಡ್ ಓವನ್ ಸ್ವತಃ ಸಂಗೀತ ರಚನಕಾರರು. ಹ್ಯಾರಿಸನ್ ಉದ್ದೇಶಪೂರ್ವಕವಾಗಿ ಕದ್ದನೆಂದು ಅವರು ನಂಬಲಿಲ್ಲ. ಆದರೆ ಹಳೆಯ ಹಾಡು 1963ರಲ್ಲಿ ಇಂಗ್ಲೆಂಡಿನಲ್ಲೂ ಜನಪ್ರಿಯವಾಗಿತ್ತು, ಅವನ ಕಿವಿಗೂ ಬಿದ್ದಿತ್ತು. ಸುಪ್ತಮನಸ್ಸಿನಲ್ಲಿ ಉಳಿದ ಧಾಟಿ ಹೊಸದೆಂಬಂತೆ ಮೇಲೆ ಬಂದಿದೆ. ಅರಿವಿಲ್ಲದೆ ಮಾಡಿದರೂ ಹಕ್ಕಿನ ಉಲ್ಲಂಘನೆ ಉಲ್ಲಂಘನೆಯೇ ಎಂದು 1976ರಲ್ಲಿ ಬರೆದರು. ಈ ತೀರ್ಪು ಕಠಿಣವಾಯಿತೆಂದು ಹಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 'ಹೀ ಈಸ್ ಸೋ ಫೈನ್' ಬರೆದ ರೊನಾಲ್ಡ್ ಮ್ಯಾಕ್ ಎಂಬ ತರುಣ, ಹಾಡು ಗೆದ್ದ ವರ್ಷವೇ ತೀರಿಕೊಂಡಿದ್ದ. ತನ್ನ ಧಾಟಿಯನ್ನು ಗುರುತಿಸಿ 'ಇದು ನನ್ನದು' ಎನ್ನಲು ಅವನಿರಲಿಲ್ಲ. ಅಂಥವನ ಪರವಾಗಿ ಮಾತನಾಡುವುದು ಕಾನೂನಲ್ಲದೆ ಮತ್ತಾವುದು?

ಆದರೆ ಮುಂದಿನ ಕಥೆ ಅಷ್ಟು ಚೆಂದವಿಲ್ಲ. ಹ್ಯಾರಿಸನ್ನನ ವ್ಯವಹಾರ ನೋಡಿಕೊಳ್ಳುತ್ತಿದ್ದ ಅಲೆನ್ ಕ್ಲೈನ್, ಅವನಿಂದ ಬೇರೆಯಾದ ಮೇಲೆ, 1978ರಲ್ಲಿ ಆ ಹಳೆಯ ಹಾಡಿನ ಹಕ್ಕನ್ನು ತಾನೇ 5,87,000 ಡಾಲರಿಗೆ ಕೊಂಡು ಎದುರು ಪಕ್ಷದ ಜಾಗದಲ್ಲಿ ನಿಂತ. ನ್ಯಾಯಾಧೀಶರು ಹಾಡಿನಿಂದ ಸಂದ ಲಾಭ ಸುಮಾರು 16 ಲಕ್ಷ ಡಾಲರ್ ಎಂದು ಲೆಕ್ಕ ಹಾಕಿದರೂ, ಕ್ಲೈನ್ ಈ ವ್ಯವಹಾರದಿಂದ ಲಾಭ ಮಾಡಿಕೊಳ್ಳಬಾರದೆಂದು 1981ರಲ್ಲಿ ಅವನು ಕೊಟ್ಟ ಬೆಲೆಯನ್ನಷ್ಟೇ, ಬಡ್ಡಿಯೊಡನೆ, ಕೊಡಿಸಿದರು.

ಎಲ್ಲ ಹೋಲಿಕೆಯೂ ಹೀಗೆ ಶಿಕ್ಷೆಗೆ ಒಳಗಾಗುವುದಿಲ್ಲ. 2023ರಲ್ಲಿ ಎಡ್ ಶೀರನ್ ಎಂಬ ಗಾಯಕನ ಮೇಲೆ ಅದೇ ನ್ಯೂಯಾರ್ಕಿನಲ್ಲಿ ನಡೆದ ಮೊಕದ್ದಮೆಯಲ್ಲಿ ಆತ ಕಟಕಟೆಯಲ್ಲೇ ಗಿಟಾರ್ ನುಡಿಸಿ, ತಾನು ಬಳಸಿದ್ದು ನೂರಾರು ಹಾಡುಗಳಲ್ಲಿರುವ ಸಾಮಾನ್ಯ ಸ್ವರಮೇಳ ಎಂದು ತೋರಿಸಿದ. ಜ್ಯೂರಿ ಒಪ್ಪಿತು. ಇಟ್ಟಿಗೆಗೆ ಯಾರೂ ಒಡೆಯರಲ್ಲ, ಕಟ್ಟಿದ ಮನೆಗೆ ಒಡೆಯನುಂಟು. ಎಲ್ಲಿಯವರೆಗೆ ಇಟ್ಟಿಗೆ, ಎಲ್ಲಿಂದ ಮನೆ ಎಂಬುದೇ ಜಗಳ.

ಇನ್ನು ನಮ್ಮಲ್ಲಿಗೆ ಬರೋಣ. ನಮ್ಮ ಕೃತಿಸ್ವಾಮ್ಯ ಕಾಯಿದೆ 1957ರದು. ಅದರ ಹಳೆಯ ವ್ಯಾಖ್ಯೆಯಂತೆ, ಬರೆದಿಟ್ಟ ಅಥವಾ ಅಚ್ಚಾದ ಧಾಟಿ ಮಾತ್ರ 'ಸಂಗೀತ ಕೃತಿ'. ಗುರುಮುಖದಿಂದಲೇ ಕಲಿಯುವ ನಾಡಿನಲ್ಲಿ ಎಂಥ ವಿಚಿತ್ರ ನೋಡಿ! 1994ರ ತಿದ್ದುಪಡಿ ಈ ಕಟ್ಟನ್ನು ತೆಗೆದುಹಾಕಿತು. ಆದರೂ ತೊಡಕು ತೀರಲಿಲ್ಲ. 'ಪೊನ್ನಿಯಿನ್ ಸೆಲ್ವನ್' ಚಿತ್ರದ ಎರಡನೆಯ ಭಾಗದ ಒಂದು ಹಾಡು ಡಾಗರ್ ಮನೆತನದ ಅಡಾಣ ರಾಗದ ಶಿವಸ್ತುತಿಯಂತಿದೆ ಎಂಬ ದಾವೆಯಲ್ಲಿ, ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ 2025ರ ಏಪ್ರಿಲ್‌ನಲ್ಲಿ ಡಾಗರ್ ಅವರ ಪರ ಆದೇಶ ನೀಡಿತು. ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ಅದನ್ನು ರದ್ದುಮಾಡಿತು. ಹಾಡಿದವರೆಲ್ಲ ರಚಿಸಿದವರೇ ಆಗಿರಬೇಕಿಲ್ಲ ಎಂಬುದು ಅಲ್ಲಿ ಎದ್ದ ಮಾತು.

ಕನ್ನಡಿಗರೆಲ್ಲ ಚರ್ಚಿಸಿದ ಪ್ರಕರಣವೂ ಒಂದುಂಟು. 2022ರ 'ಕಾಂತಾರ' ಚಿತ್ರದ 'ವರಾಹ ರೂಪಂ' ಹಾಡು ತಮ್ಮ 'ನವರಸಂ' ಹಾಡಿನಂತಿದೆ ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಅಲ್ಲಿನ ನ್ಯಾಯಾಲಯದ ಮೊರೆಹೋಯಿತು. ರಾಗ ಒಂದೇ ಆದ್ದರಿಂದ ಹಾಗೆ ಕೇಳಿಸುತ್ತದೆ ಎಂಬುದು ಚಿತ್ರದವರ ಉತ್ತರ. ತಡೆಯಾಜ್ಞೆಯಿಂದಾಗಿ ಚಿತ್ರ ಮನೆಯ ಪರದೆಗೆ ಬಂದಾಗ ಆ ಹಾಡಿಗೆ ಬೇರೆ ಧಾಟಿ ಕೂಡಿಸಲಾಗಿತ್ತು. ಥಿಯೇಟರಿನಲ್ಲಿ ಮೈನವಿರೇಳಿಸಿಕೊಂಡವರು ಮನೆಯಲ್ಲಿ ಪೆಚ್ಚಾದರು.

ಕಾಲೇಜುಗಳಲ್ಲಿ ಒಂದು ನಂಬಿಕೆ ಓಡಾಡುತ್ತಿರುತ್ತದೆ: ಇಷ್ಟು ಸೆಕೆಂಡು, ಇಷ್ಟು ಸ್ವರ ತೆಗೆದುಕೊಂಡರೆ ತೊಂದರೆಯಿಲ್ಲ ಎಂದು. ಕಾಯಿದೆಯಲ್ಲಿ ಅಂಥ ಅಳತೆಕೋಲು ಇಲ್ಲ. ಆದರೆ ಗಾಬರಿಯೂ ಬೇಡ. ಶಾಲಾ ಕಾಲೇಜಿನ ಚಟುವಟಿಕೆಯ ಅಂಗವಾಗಿ, ಅಧ್ಯಾಪಕರು, ವಿದ್ಯಾರ್ಥಿಗಳು, ಪೋಷಕರ ಎದುರಿನಲ್ಲಿ ನೀವು ಇತರರ ಹಾಡು ಹಾಡುವುದಕ್ಕೆ ಅದೇ ಕಾಯಿದೆ ವಿನಾಯಿತಿ ನೀಡಿದೆ. ನೀವೇ ಧಾಟಿ ಕಟ್ಟಿದರೆ, ನೋಂದಣಿ ಮಾಡಿಸದಿದ್ದರೂ ಹಕ್ಕು ನಿಮ್ಮದೇ. ನಿಮ್ಮ ಜೀವಮಾನವಿಡೀ, ಆಮೇಲೆ 60 ವರ್ಷ. ಸ್ವರಲಿಪಿ ಬರೆದು ತಾರೀಖು ಹಾಕಿಡಿ.

ಅದಕ್ಕೂ ಮೊದಲು ಯಾರಿಗಾದರೂ ಒಮ್ಮೆ ಹಾಡಿ ಕೇಳಿಸಿ. ನಮ್ಮ ಹಾಸ್ಟೆಲಿನ ವಾರ್ಷಿಕೋತ್ಸವದಲ್ಲಿ ಆ ಹಾಡನ್ನು ಹಾಗೆಯೇ ಹಾಡಿದೆವು. ಆಮಂತ್ರಣ ಪತ್ರಿಕೆಯಲ್ಲಿ ಧಾಟಿಯ ಮುಂದೆ ನನ್ನ ಹೆಸರನ್ನು ಹೊಡೆದುಹಾಕಿ 'ಕೋಲಾಟದ ಮಟ್ಟು' ಎಂದು ಪೆನ್ನಿನಲ್ಲಿ ತಿದ್ದಿದ್ದೆವು, ಇನ್ನೂರು ಪ್ರತಿಗಳಲ್ಲಿ. ಅಡುಗೆಯವರು ಮುಂದಿನ ಸಾಲಿನಲ್ಲಿ ಕುಳಿತಿದ್ದರು.