ಗಣ್ಯಾನ ಜಾಗಕ್ಕೆ ಇನ್ನೊಬ್ಬ ಗಣ್ಯಾ

ಇಲ್ಲಿಗೆ ಬರೋರು ಸಾಮಾನ್ಯವಾಗಿ ನೌಕರಿ ಬದಲಾಯಿಸೋದು, ಮನೆ ಸಾಲ, ಮಕ್ಕಳಿಗೆ ಕನ್ನಡ ಕಲಿಸೋದು ಇಂಥ ವಿಷಯ ಮಾತಾಡ್ತಾರೆ. ನಾನು ಒಂದು ಹರಿದ ಬಟ್ಟೆ ಆನೆ ಬಗ್ಗೆ ಮಾತಾಡೋಕೆ ಬಂದಿದ್ದೀನಿ. ಇದೆಂಥ ಸಣ್ಣ ವಿಷಯ ಅಂತ ಅನಿಸಬಹುದು. ಏಳು ವರ್ಷದ ಹಿಂದೆ ನನಗೂ ಹಾಗೇ ಅನಿಸಿತ್ತು. ಅದಕ್ಕೇ ತಪ್ಪು ಮಾಡಿದೆ.

ನಮ್ಮದು ಗದಗ. ಬೆಂಗಳೂರಲ್ಲಿ ಕೆಲವು ವರ್ಷ ಇದ್ದು, ಮಗಳಿಗೆ ಒಂದೂವರೆ ವರ್ಷ ಆದಾಗ ಪುಣೆಗೆ ಬಂದ್ವಿ, ವಾಕಡ್‌ಗೆ. ಆನೆಯನ್ನ ಅವಳ ಮೊದಲ ಹುಟ್ಟುಹಬ್ಬಕ್ಕೆ ಬೆಂಗಳೂರಿನ ಮಾಲ್ ಒಂದರಲ್ಲಿ ತಗೊಂಡಿದ್ವಿ. ಬೂದು ಬಣ್ಣ, ಗೇಣುದ್ದ, ಕಿವಿಯ ಒಳಗೆ ಗುಲಾಬಿ ಸ್ಯಾಟಿನ್ ಬಟ್ಟೆ. ಹೆಸರು ಗಣ್ಯಾ. ಈ ಹೆಸರಿನ ಅನುಕೂಲ ಏನಂದ್ರೆ ಗದಗಿನಲ್ಲೂ ನಡೀತದೆ, ಪುಣೆಯಲ್ಲೂ ನಡೀತದೆ, ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮಗಳು ಮಲಗುವಾಗ ಆ ಸ್ಯಾಟಿನ್ ಕಿವಿಯನ್ನ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ತಿಕ್ಕುತ್ತಾ ಇರೋಳು. ತಿಕ್ಕೋದು ನಿಂತಿತು ಅಂದ್ರೆ ನಿದ್ದೆ ಬಂತು ಅಂತ ಅರ್ಥ.

ಪಾಳಣಾಘರಕ್ಕೆ ಹೋಗುವಾಗಲೂ ಗಣ್ಯಾ ಬೇಕು. ಪುಣೆಯವರಿಗೆ ಗೊತ್ತು, ಬೇರೆ ಊರಿನವರಿಗೆ ಹೇಳ್ತೀನಿ: ಬೇಬಿ ಸಿಟ್ಟಿಂಗ್‌ಗೆ ಮರಾಠಿಯಲ್ಲಿ ಪಾಳಣಾಘರ ಅಂತಾರೆ. ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟರೆ ಸಂಜೆ ಏಳಕ್ಕೆ ಕರ್ಕೊಂಡು ಬರೋದು. ಭಾಷೆ ಬೇರೆ, ಊಟ ಬೇರೆ, ಎತ್ತಿಕೊಳ್ಳೋ ಕೈ ಬೇರೆ. ಮಧ್ಯಾಹ್ನ ಮಲಗಿಸೋವಾಗ ನಮ್ಮ ಮನೆಯದು ಅಂತ ಅವಳ ಹತ್ರ ಇದ್ದಿದ್ದು ಆ ಆನೆ ಒಂದೇ. ಇದು ಆಗ ನನ್ನ ತಲೆಗೆ ಹೋಗಿರಲಿಲ್ಲ.

ನಾಲ್ಕು ವರ್ಷ ತುಂಬೋ ಹೊತ್ತಿಗೆ ಗಣ್ಯಾನ ಸ್ಥಿತಿ ನೋಡೋ ಹಾಗಿರಲಿಲ್ಲ. ಒಂದು ಕಣ್ಣು ಇಲ್ಲ. ಸೊಂಡಿಲಲ್ಲಿ ಹತ್ತಿ ಇಲ್ಲ, ಒದ್ದೆ ಕಾಲುಚೀಲದ ಹಾಗೆ ಜೋತಾಡ್ತಿತ್ತು. ಸ್ಯಾಟಿನ್ ಹೋಗಿ ಬರೀ ದಾರ ಉಳಿದಿತ್ತು. ವಾಸನೆ ಅಂತೂ ಕೇಳಬೇಡಿ. ಆ ದೀಪಾವಳಿಗೆ ನಮ್ಮವ್ವ ಊರಿಂದ ಬಂದವಳು ನೋಡಿ, "ಇಬ್ರೂ ಇಷ್ಟ್ ಪಗಾರ ತರ್ತೀರಿ, ಕೂಸಿಗೆ ಒಂದ್ ಹೊಸಾ ಗೊಂಬಿ ತರಾಕ ಆಗೂದಿಲ್ಲೇನು?" ಅಂದಳು. ಪಕ್ಕದ ಫ್ಲ್ಯಾಟ್‌ನವರೂ ಅಲ್ಲೇ ಕೂತಿದ್ರು. ನನಗೆ ನಾಚಿಕೆ ಆಯ್ತು. ನಿಜ ಹೇಳಬೇಕಂದ್ರೆ ನಾನು ಮಾಡಿದ್ದಕ್ಕೆ ಕಾರಣ ಸ್ವಚ್ಛತೆ ಅಲ್ಲ, ಈ ನಾಚಿಕೆ.

ಅದೇ ಮಾಡೆಲ್ ಆನ್‌ಲೈನ್‌ನಲ್ಲಿ ಇನ್ನೂ ಸಿಗ್ತಿತ್ತು. ತರಿಸಿದೆ. ಮಗಳು ಮಲಗಿದ ಮೇಲೆ ಅವಳ ಬೆರಳಿಂದ ಹಳೇ ಕಿವಿ ಬಿಡಿಸಿ, ಹೊಸದನ್ನ ಇಟ್ಟೆ. ಹಳೇದನ್ನ ಒಣ ಕಸದ ಡಬ್ಬಿಗೆ ಹಾಕಿದೆ. ಬೆಳಿಗ್ಗೆ ಏಳಕ್ಕೆ ಘಂಟಾಗಾಡಿ ಬಂದು ತಗೊಂಡು ಹೋಯ್ತು. ನಮ್ಮ ಮನೆಯವರಿಗೂ ಹೇಳಿರಲಿಲ್ಲ. ಪ್ರೊಡಕ್ಷನ್‌ಗೆ ರಾತ್ರೋರಾತ್ರಿ ಡಿಪ್ಲಾಯ್ ಮಾಡಿ, ಬೆಳಿಗ್ಗೆ ಯೂಸರ್‌ಗೆ ಗೊತ್ತೇ ಆಗಲ್ಲ ಅಂತ ನಂಬ್ತೀವಲ್ಲ, ಅದೇ ಥರದ ಬುದ್ಧಿ. ರೋಲ್‌ಬ್ಯಾಕ್ ಕೂಡ ಇಟ್ಕೊಂಡಿರಲಿಲ್ಲ.

ಅವಳು ಎದ್ದು ಮೊದಲು ಕಿವಿ ಹಿಡಿದು ನೋಡಿದಳು. ಆಮೇಲೆ ಮೂಗಿಗೆ ಹಿಡಿದಳು. "ಗಣ್ಯಾ ಎಲ್ಲಿ?"

"ಇವನೇ ಗಣ್ಯಾ ಪುಟ್ಟಿ. ರಾತ್ರಿ ಸ್ನಾನ ಮಾಡಿದ, ಹೊಸಬ ಆದ."

ಅಳಲಿಲ್ಲ. ನನ್ನ ಮುಖ ನೋಡಿದಳು ಅಷ್ಟೇ. ನಾನು ಗೆದ್ದೆ ಅಂದ್ಕೊಂಡೆ. ರಾತ್ರಿ ನೋಡಿದ್ರೆ ಹೊಸ ಆನೆ ಬಾಗಿಲ ಹತ್ರ ಚಪ್ಪಲಿ ಸ್ಟ್ಯಾಂಡ್ ಮೇಲೆ ಕೂತಿತ್ತು. ಒಳಗೆ ತಂದ್ರೆ ಮತ್ತೆ ಅಲ್ಲೇ ಹೋಗಿ ಇಡ್ತಿದ್ದಳು.

ಆಮೇಲೆ ಶುರುವಾಯ್ತು ನೋಡಿ. ಹಾಲು ಕುಡಿಯೋ ಸ್ಟೀಲ್ ಲೋಟ ಕೈಗೆ ಕೊಟ್ಟರೆ, "ಇದು ಅದೇನಾ?" ಒಗೆದ ದಿಂಬಿನ ಕವರ್ ಹಾಕಿದ್ರೆ, "ಇದು ಅದೇನಾ?" ಶೂ, ನೀರಿನ ಬಾಟಲಿ, ಅವಳ ಚಮಚ, ಎಲ್ಲಾದಕ್ಕೂ. ಒಂದು ದಿನ ನಾನು ಗಡ್ಡ ಬೋಳಿಸಿಕೊಂಡು ಬಂದೆ. ಹತ್ರ ಬಂದು ಕೆನ್ನೆ ಮುಟ್ಟಿ ನೋಡಿದಳು. ಏನೂ ಕೇಳಲಿಲ್ಲ. ಅವತ್ತು ನನಗೆ ಹೊಟ್ಟೆಯೊಳಗೆ ಏನೋ ಆಯ್ತು.

ಮೂರು ವಾರ ಆದ ಮೇಲೆ ನಿಜ ಹೇಳಿದೆ. ನಾನೇ ಕಸಕ್ಕೆ ಹಾಕಿದೆ, ತಪ್ಪಾಯ್ತು ಅಂತ. ಆಗ ಅತ್ತಳು, ತುಂಬಾ ಹೊತ್ತು. "ಆ ಗಾಡಿ ಎಲ್ಲಿಗೆ ಹೋಗ್ತದೆ? ನಾವು ಹೋಗೋಣ" ಅಂದಳು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಆದರೆ "ಇದು ಅದೇನಾ" ಅನ್ನೋದು ಆ ಮೇಲೆ ನಿಧಾನಕ್ಕೆ ಕಡಿಮೆ ಆಯ್ತು.

ಇದಾದ ಮೇಲೆ ಸ್ವಲ್ಪ ಓದಿದೆ. ಡೊನಾಲ್ಡ್ ವಿನ್ನಿಕಾಟ್ ಅಂತ ಇಂಗ್ಲೆಂಡಿನ ಮಕ್ಕಳ ಡಾಕ್ಟರು, ಮನೋವಿಶ್ಲೇಷಕರೂ ಹೌದು. 1951ರಲ್ಲಿ ಇದೇ ವಿಷಯದ ಮೇಲೆ ಒಂದು ಪ್ರಬಂಧ ಓದಿದರು, 1953ರಲ್ಲಿ ಅದು ಅಚ್ಚಾಯ್ತು. ಅವರ ಪ್ರಕಾರ ಈ ಚಿಂದಿ, ಈ ಗೊಂಬೆ ಮಗುವಿಗೆ ತಾಯಿಯೂ ಅಲ್ಲ, ಬರೀ ವಸ್ತುವೂ ಅಲ್ಲ. ಎರಡರ ನಡುವಿನ ಒಂದು ಜಾಗ. ಅದನ್ನ ಬದಲಾಯಿಸೋದಿದ್ರೆ ಮಗುವೇ ಬದಲಾಯಿಸಬೇಕು, ಬೇರೆಯವರಲ್ಲ. ಕೊಳೆಯಾಗಿ ನಾತ ಹೊಡೆದರೂ ಎಷ್ಟೋ ತಾಯಂದಿರು ತೊಳೆಯದೆ ಬಿಡ್ತಾರೆ, ಯಾಕಂದ್ರೆ ತೊಳೆದರೆ ಮಗುವಿನ ಅನುಭವದ ಎಳೆ ಕಡಿಯುತ್ತೆ ಅಂತ ಅವರಿಗೆ ಗೊತ್ತಿರುತ್ತೆ, ಅಂತಾರೆ ವಿನ್ನಿಕಾಟ್. ನನಗೆ ಗೊತ್ತಿರಲಿಲ್ಲ.

ಇನ್ನೊಂದು ಪ್ರಯೋಗ ಓದಿ ನಗುವೂ ಬಂತು, ಕಣ್ಣೂ ತುಂಬಿತು. ಬ್ರೂಸ್ ಹುಡ್, ಪಾಲ್ ಬ್ಲೂಮ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ್ದು. ಮೂರರಿಂದ ಆರು ವರ್ಷದ ಮಕ್ಕಳ ಮುಂದೆ ಒಂದು ಪೆಟ್ಟಿಗೆ ಯಂತ್ರ ಇಟ್ಟು, ಇದು ಏನನ್ನು ಹಾಕಿದರೂ ತದ್ವತ್ ಇನ್ನೊಂದು ಮಾಡಿಕೊಡುತ್ತೆ ಅಂತ ನಂಬಿಸಿದ್ರು. ಅದು ಬರೀ ಕೈಚಳಕ. ಸಾಮಾನ್ಯ ಆಟಿಕೆ ಆದ್ರೆ ಮಕ್ಕಳು ಹೊಸ ನಕಲನ್ನೇ ಖುಷಿಯಿಂದ ತಗೊಂಡ್ರು. ಆದರೆ ದಿನಾ ಅಪ್ಪಿಕೊಂಡು ಮಲಗೋ ಗೊಂಬೆಯ ವಿಷಯದಲ್ಲಿ ಕೆಲವರು ಯಂತ್ರಕ್ಕೆ ಹಾಕೋಕೇ ಬಿಡಲಿಲ್ಲ. ಹಾಕಲು ಬಿಟ್ಟವರಲ್ಲೂ ಹೆಚ್ಚಿನವರು ನಕಲು ಬೇಡ, ನನ್ನದೇ ಕೊಡಿ ಅಂದ್ರು. ನಾನು ಯಂತ್ರ ಇಲ್ಲದೆ ಇದೇ ಪ್ರಯೋಗ ಮನೆಯಲ್ಲಿ ಮಾಡಿ, ಅಸಲಿಯನ್ನ ಬೇರೆ ಎಸೆದು ಬಂದಿದ್ದೆ.

ನಮ್ಮವ್ವನಿಗೆ ಇದು ಯಾಕೆ ಅರ್ಥ ಆಗಲಿಲ್ಲ ಅಂತಲೂ ಯೋಚನೆ ಮಾಡಿದೆ. ಅವಳು ಸಾಕಿದ ಯಾವ ಮಗುವಿಗೂ ಗೊಂಬೆ ಬೇಕಾಗಿರಲಿಲ್ಲ. ನಾವೆಲ್ಲ ಮಲಗಿದ್ದು ಯಾರದೋ ಸೆರಗು ಹಿಡ್ಕೊಂಡು. ನಾನಂತೂ ಅವ್ವನ ಕಿವಿ ಹಾಲೆ ಹಿಡಿದು ಮಲಗ್ತಿದ್ದೆನಂತೆ, ಓಲೆ ತೆಗೆದಿಟ್ಟೇ ಮಲಗಬೇಕಾಗ್ತಿತ್ತು ಅಂತ ಈಗಲೂ ಹೇಳ್ತಾಳೆ. 1970ರಲ್ಲಿ ಇಟಲಿಯಲ್ಲಿ ಗದ್ದೀನಿ ಅನ್ನೋ ದಂಪತಿ ಮಾಡಿದ ಅಧ್ಯಯನದಲ್ಲೂ ಇದೇ ಕಂಡಿದ್ದು: ತಾಯಿ ಮಗ್ಗುಲಲ್ಲೇ ಇರೋ ಹಳ್ಳಿ ಮಕ್ಕಳಲ್ಲಿ ಇಂಥ ಗೊಂಬೆ ಹಚ್ಚಿಕೊಳ್ಳೋದು ರೋಮ್ ನಗರದ ಮಕ್ಕಳಿಗಿಂತ ತೀರಾ ಕಡಿಮೆ. ನನ್ನ ಮಗಳು ಹಿಡಿದಿದ್ದೂ ಕಿವಿಯೇ ರೀ. ನಾವು ಆಫೀಸಿನಲ್ಲಿದ್ವಿ, ಅವಳ ಕೈಗೆ ಸಿಕ್ಕಿದ್ದು ಆನೆಯ ಕಿವಿ.

ಸರಿ, ಹಾಗಾದ್ರೆ ಹರಿದು ಹಾಳಾದ್ರೂ ಇಟ್ಕೊಂಡೇ ಇರಬೇಕಾ? ಇಲ್ಲ. ಅಪಾಯ ಬೇರೆ, ಕೊಳಕು ಬೇರೆ. ಮೂರು ವರ್ಷದ ಒಳಗಿನ ಮಗುವಿನ ಗೊಂಬೆಯ ಗುಂಡಿ ಕಣ್ಣು ಸಡಿಲ ಆಗಿದ್ರೆ ಅವತ್ತೇ ಕಿತ್ತುಹಾಕಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಹಾಡು ಹೇಳೋ ಗೊಂಬೆಯ ಹೊಲಿಗೆ ಬಿಟ್ಟಿದ್ರೆ ಒಳಗಿನ ಬಟನ್ ಸೆಲ್ ತೆಗೆದುಬಿಡಿ. ಮಗು ಅದನ್ನ ನುಂಗಿದ್ರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು, ಇದರಲ್ಲಿ ಯಾವ ರಾಜಿಯೂ ಇಲ್ಲ. ವರ್ಷ ತುಂಬದ ಕೂಸು ಮಲಗೋ ಜಾಗದಲ್ಲಂತೂ ಮೆತ್ತನೆ ಗೊಂಬೆಯೇ ಬೇಡ. ಆದರೆ ಗಮನಿಸಿ, ಕಣ್ಣು ತೆಗೆದರೆ, ಸೆಲ್ ತೆಗೆದರೆ ಅಪಾಯ ಹೋಯ್ತು. ಗೊಂಬೆ ಎಸೆಯಬೇಕಾಗಿ ಬರಲಿಲ್ಲ.

ನನ್ನ ಮಗನಿಗೆ ಈಗ ಮೂರೂವರೆ. ಅವನದು ಮೊಲ. ಈ ಮಳೆಗಾಲದಲ್ಲಿ ಅದರ ಹೊಟ್ಟೆಯೊಳಗೆ ಬೂಷ್ಟು ಹಿಡೀತು. ಪುಣೆ, ಮುಂಬೈ ಮಳೆ ಗೊತ್ತಲ್ಲ, ಬೆಲ್ಟಿಗೇ ಬೂಷ್ಟು ಬರುತ್ತೆ. ಈ ಸಲ ಅವನನ್ನ ಎದುರಿಗೆ ಕೂರಿಸಿಕೊಂಡು ಹೇಳಿದ್ವಿ: ಮೊಲದ ಹೊಟ್ಟೆ ಕೆಟ್ಟಿದೆ, ಒಳಗಿಂದು ತೆಗೆದು ಬೇರೆ ತುಂಬಬೇಕು, ನೀನೇ ನೋಡ್ತಾ ಇರು. ಬೆನ್ನಿನ ಹೊಲಿಗೆ ಬಿಚ್ಚಿದ್ವಿ. ಮೇಲಿನ ಬಟ್ಟೆಯನ್ನ ದಿಂಬಿನ ಗವಸಿಗೆ ಹಾಕಿ ಬಾಯಿ ಕಟ್ಟಿ ಮಷೀನಿಗೆ ಹಾಕಿದ್ವಿ. ಮಷೀನಿನ ಗಾಜಿನ ಮುಂದೆ ನಲವತ್ತು ನಿಮಿಷ ಕೂತಿದ್ದ, ಎದ್ದಿಲ್ಲ. ಚೆನ್ನಾಗಿ ಒಣಗಿದ ಮೇಲೆ ದಿಂಬಿಗೆ ತುಂಬೋ ಹೊಸ ಫೈಬರ್ ತುಂಬಿದ್ವಿ. ಹಳೇ ಹತ್ತಿ ಒಂದು ಹಿಡಿ ಒಳಗೆ ಇರಲೇಬೇಕು ಅಂತ ಹಟ ಹಿಡಿದ. ಬೂಷ್ಟು ಇಲ್ಲದ ಕಾಲಿನ ಭಾಗದಿಂದ ಒಂದು ಹಿಡಿ ತೆಗೆದು, ತೊಳೆದು ಒಣಗಿಸಿ ಇಟ್ವಿ. ಏನು ಕಷ್ಟ?

ಧೂಳಿನ ಅಲರ್ಜಿ ಇರೋ ಮಕ್ಕಳಿದ್ರೆ ಗೊಂಬೆಯನ್ನ ಚೀಲದಲ್ಲಿ ಹಾಕಿ ಒಂದು ದಿನ ಫ್ರೀಜರ್‌ನಲ್ಲಿ ಇಡಿ. ಧೂಳುಹುಳ ಸಾಯ್ತವೆ. ಆದರೆ ಅಲರ್ಜಿ ತರೋ ಅವುಗಳ ಹಿಕ್ಕೆ ಹಾಗೇ ಇರುತ್ತೆ, ಆಮೇಲೆ ತೊಳೆಯಬೇಕು. ಇನ್ನು ಕೂಸು ಚಿಕ್ಕದಿದೆ, ಈಗಷ್ಟೇ ಒಂದು ಗೊಂಬೆ ಹಚ್ಚಿಕೊಳ್ತಾ ಇದೆ ಅನ್ನೋರು ಈಗಲೇ ಅಂಥದ್ದೇ ಇನ್ನೊಂದು ತಗೊಳ್ಳಿ. ವಾರಕ್ಕೊಂದರಂತೆ ಮೊದಲಿನಿಂದಲೇ ಎರಡನ್ನೂ ಕೊಡಿ. ಎರಡೂ ಒಟ್ಟಿಗೆ ಸವೆಯುತ್ತೆ, ಎರಡಕ್ಕೂ ಒಂದೇ ವಾಸನೆ ಬರುತ್ತೆ. ನಾಲ್ಕು ವರ್ಷಕ್ಕೆ ಈ ಉಪಾಯ ನಡೆಯಲ್ಲ.

ಹೊಸದು ಕೊಡಲೇಬೇಡಿ ಅಂತ ನಾನು ಹೇಳ್ತಿಲ್ಲ. ಹೊಸದು ಬರಲಿ, ಬೇರೆ ಹೆಸರಲ್ಲಿ ಬರಲಿ, ಹಳೇದರ ಪಕ್ಕ ಕೂರಲಿ. ಹಳೇದನ್ನ ಕೈಬಿಡೋ ದಿನ ಮಗುವಿಗೇ ಗೊತ್ತಾಗುತ್ತೆ. ಬೀರುವಿನ ಮೇಲೋ ಮಂಚದ ಕೆಳಗೋ ಒಂದು ದಿನ ತಾನಾಗೇ ಸೇರಿಕೊಳ್ಳುತ್ತೆ, ಯಾರೂ ಅಳೋದಿಲ್ಲ.

ಹೋದ ತಿಂಗಳು ಅವ್ವ ಬಂದಿದ್ದಳು. ಮೊಲದ ಬೆನ್ನಿಗೆ ನಾವು ಹಾಕಿದ ಹೊಲಿಗೆ ನೋಡಿ, "ಇದೇನ್ ಹೊಲಿಗ್ಯೋ, ಗೋಣಿಚೀಲ ಹೊಲ್ದಂಗ ಐತಿ" ಅಂತ ಬಿಚ್ಚಿ ಕೂತಳು. ತನ್ನ ಹಳೇ ಇಳಕಲ್ ಸೀರೆಯ ತುಂಡು ಒಳಗಿಂದ ಇಟ್ಟು, ಕೌದಿಗೆ ಹಾಕೋ ಹಾಗೆ ಸಣ್ಣ ಸಣ್ಣ ಟಾಕಿ ಹಾಕಿದಳು. ನಾನು ಅಂದೆ, ಅವ್ವಾ, ನಾಕ್ ಹಳೇ ಸೀರಿ ಸೇರ್ಸಿ ಕೌದಿ ಹೊಲಿದು ಇಪ್ಪತ್ತು ವರ್ಷ ಹೊದ್ಕೊಳ್ಳೋರು ನೀವು, ಅವತ್ತು ಗಣ್ಯಾನ್ನ ಯಾಕ ಬೈದಿ? "ನಾ ಹೊಸಾದ್ ತಾ ಅಂದೆ, ಹಳೇದ್ ಒಗಿ ಅಂದ್ನೇನು?" ಅಂದಳು. ಹೌದಲ್ಲ, ಅಂದಿರಲಿಲ್ಲ.

ಮೊಲದ ಒಂದು ಕಣ್ಣು ಹೋಗಿತ್ತು. ಗುಂಡಿ ಬೇಡ, ದಾರದಲ್ಲೇ ಕಣ್ಣು ಹಾಕ್ತೀನಿ ಅಂತ ಅವ್ವ ಕಪ್ಪು ದಾರ ತಗೊಂಡಳು. ಮಗಳು, ಈಗ ಹನ್ನೊಂದು ವರ್ಷ, ಓದ್ತಾ ಕೂತಿದ್ದವಳು ಎದ್ದು ಬಂದು, "ತಡಿ ಅಜ್ಜಿ, ಮೊದ್ಲು ಅವನ್ನ ಕೇಳು" ಅಂದಳು. ಕೇಳಿದ್ವಿ. ಅವನು ಕೆಂಪು ಅಂದ. ಈಗ ಮೊಲಕ್ಕೆ ಒಂದು ಕಣ್ಣು ಕಪ್ಪು, ಒಂದು ಕೆಂಪು.

ಅಷ್ಟೇ ನನ್ನ ಮಾತು. ಯಾರಾದ್ರೂ ಏನಾದ್ರೂ ಕೇಳೋದಿದ್ರೆ ಕೇಳಿ.